ಭೂಪಟದ ಮೇಲೆ ಒಂದು ಗೆರೆ: ಏಮಿ ಜಾನ್ಸನ್ ಜೀವನ ಕಥೆ



ನಮ್ಮ ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಿ ಬಂದವರಿಗೆಲ್ಲ ಒಂದು ಸಂಗತಿ ಚೆನ್ನಾಗಿ ಗೊತ್ತು. ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದರೆ ಎರಡೂ ಊರುಗಳು ಅಕ್ಕಪಕ್ಕದಲ್ಲಿಯೇ ಇವೆ. ಆದರೆ ಬಸ್ಸು ಹತ್ತಿದರೆ ಕಾಡು ದಾಟಬೇಕು, ದಿಂಬಂ ಘಟ್ಟದ 27 ತಿರುವುಗಳನ್ನು ಒಂದೊಂದಾಗಿ ಇಳಿಯಬೇಕು. ಯಾವುದಾದರೊಂದು ತಿರುವಿನಲ್ಲಿ ಲಾರಿ ಸಿಕ್ಕಿಕೊಂಡಿದ್ದರೆ ಹೊರಟ ಕೆಲಸ ಅಂದು ಆಗುವ ಹಾಗಿಲ್ಲ. ಊರಿಂದೂರಿಗೆ ಇರುವ ದೂರ ಒಂದು ಲೆಕ್ಕ. ಹೋಗಿ ಮುಟ್ಟಲು ಹಿಡಿಯುವ ಹೊತ್ತು ಇನ್ನೊಂದು ಲೆಕ್ಕ. ಮೊದಲನೆಯದನ್ನು ಭೂಪಟ ಹೇಳುತ್ತದೆ. ಎರಡನೆಯದನ್ನು ದಾರಿ ನಡೆದವರೇ ಹೇಳಬೇಕು.

ಹೀಗೆಯೇ ಭೂಪಟದ ಮೇಲೆ ಅಳತೆಪಟ್ಟಿ ಇಟ್ಟು, ಲಂಡನ್ನಿನಿಂದ ಆಸ್ಟ್ರೇಲಿಯಕ್ಕೆ ಗೆರೆ ಎಳೆದು, ಆ ಗೆರೆಯನ್ನು ಹಿಡಿದು ಒಬ್ಬಳೇ ಹಾರಿ ಹೋದ ಒಬ್ಬ ತರುಣಿಯ ಕಥೆಯನ್ನು ಈ ಸಂಚಿಕೆಯಲ್ಲಿ ನಿಮಗೆ ಹೇಳುತ್ತೇನೆ. ಆಕೆಯ ಹೆಸರು ಏಮಿ ಜಾನ್ಸನ್. ಮಕ್ಕಳು ಓದಿದ ಮೇಲೆ ತಂದೆ ತಾಯಿಯರೂ ಇದನ್ನು ಓದಬೇಕೆಂದು ನನ್ನ ಆಸೆ. ಓದು ಬಾರದ ಹಿರಿಯರು ಮನೆಯಲ್ಲಿದ್ದರೆ ಮಕ್ಕಳೇ ಓದಿ ಹೇಳಲಿ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಏಮಿ ಹುಟ್ಟಿದ್ದು 1903ನೆಯ ಇಸವಿ ಜುಲೈ 1ರಂದು, ಇಂಗ್ಲೆಂಡಿನ ಪೂರ್ವ ತೀರದ ಹಲ್ ಎಂಬ ಬಂದರು ಪಟ್ಟಣದಲ್ಲಿ. ತಂದೆ ಮೀನಿನ ವ್ಯಾಪಾರಿ. ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳು. ಅವರಲ್ಲಿ ಏಮಿಯೇ ಹಿರಿಯವಳು. ಅನುಕೂಲಸ್ಥ ಕುಟುಂಬವಾದರೂ ದೊಡ್ಡ ಶ್ರೀಮಂತರೇನಲ್ಲ. ಹೆಣ್ಣುಮಗಳು ಕಾಲೇಜು ಮೆಟ್ಟಿಲು ಹತ್ತುವುದು ಆ ದೇಶದಲ್ಲಿಯೂ ಅಂದು ಅಪರೂಪವಾಗಿತ್ತು. ಆದರೂ ತಂದೆ ಮಗಳನ್ನು ಶೆಫೀಲ್ಡ್ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಆಕೆ ಅಲ್ಲಿ ಅರ್ಥಶಾಸ್ತ್ರ ಓದಿ 1925ರಲ್ಲಿ ಬಿ.ಎ. ಪದವಿ ಪಡೆದಳು.

ಪದವಿ ಬಂದಿತೆಂದು ಬಾಳು ಸುಗಮವಾಗಲಿಲ್ಲ. ಬೆರಳಚ್ಚು ಕಲಿತು, ಕೊನೆಗೆ ಲಂಡನ್ನಿನ ಒಬ್ಬ ವಕೀಲರ ಕಚೇರಿಯಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಕಚೇರಿ, ಸಂಜೆ ಬಾಡಿಗೆಯ ಕೋಣೆ, ತಿಂಗಳಿಗೆ ಮಿತವಾದ ಸಂಬಳ. ಇಂಥ ಸಾವಿರಾರು ಹುಡುಗಿಯರು ಆ ಮಹಾನಗರದಲ್ಲಿದ್ದರು.

ನಗರದ ಹೊರವಲಯದ ಸ್ಟ್ಯಾಗ್ ಲೇನ್ ಎಂಬಲ್ಲಿ ಒಂದು ವಿಮಾನ ಕ್ಲಬ್ಬು ಇತ್ತು. ಅಲ್ಲಿ ಸಣ್ಣ ವಿಮಾನಗಳು ಏರಿ ಇಳಿಯುವುದನ್ನು ಕಂಡು ಏಮಿಯ ಮನಸ್ಸು ಅತ್ತ ಹರಿಯಿತು. 1928ರಲ್ಲಿ ಆ ಕ್ಲಬ್ಬಿಗೆ ಸೇರಿ ತನ್ನ ಸಂಬಳದ ಹಣದಲ್ಲಿಯೇ ಪಾಠ ಹೇಳಿಸಿಕೊಳ್ಳತೊಡಗಿದಳು. ಇಲ್ಲೊಂದು ಮಾತನ್ನು ವಿದ್ಯಾರ್ಥಿಗಳು ಮುಖ್ಯವಾಗಿ ಗಮನಿಸಬೇಕು. ಆಕೆ ಹುಟ್ಟು ಪ್ರತಿಭಾವಂತೆಯೇನೂ ಆಗಿರಲಿಲ್ಲ. ಬೇರೆಯವರಿಗೆ ಬೇಗ ಒಲಿದ ವಿದ್ಯೆ ಈಕೆಗೆ ನಿಧಾನವಾಗಿ ಒಲಿಯಿತು. ಕಲಿಸುವವರಿಗೂ ಈಕೆಯ ಮೇಲೆ ದೊಡ್ಡ ಭರವಸೆಯೇನೂ ಇರಲಿಲ್ಲ. ಆದರೆ ಏಮಿ ಬಿಡಲಿಲ್ಲ. 1929ರಲ್ಲಿ ವಿಮಾನ ನಡೆಸುವ ಪರವಾನಗಿ ಕೈಸೇರಿತು.

ಅಷ್ಟಕ್ಕೆ ಆಕೆ ತೃಪ್ತಳಾಗಲಿಲ್ಲ. ಹಾರಿಸಲು ಬಂದರೆ ಸಾಲದು, ಕೆಟ್ಟರೆ ಸರಿಪಡಿಸಲೂ ಬರಬೇಕೆಂದು ನಿಶ್ಚಯಿಸಿದಳು. ಕ್ಲಬ್ಬಿನ ಎಂಜಿನಿಯರ್ ಜ್ಯಾಕ್ ಹಂಫ್ರೀಸ್ ಅವರ ಬಳಿ ಶಿಷ್ಯೆಯಾಗಿ ನಿಂತಳು. ಗಂಡಸರೇ ಇದ್ದ ಆ ಕಾರ್ಯಾಗಾರದಲ್ಲಿ ಮೈಕೈಗೆಲ್ಲ ಎಣ್ಣೆ ಮೆತ್ತಿಕೊಂಡು ಎಂಜಿನ್ ಬಿಚ್ಚುವುದು, ತೊಳೆಯುವುದು, ಮತ್ತೆ ಜೋಡಿಸುವುದನ್ನು ಕಲಿತಳು. 1929 ಮುಗಿಯುವುದರೊಳಗೆ ವಿಮಾನ ದುರಸ್ತಿಯ ಪರವಾನಗಿಯೂ ದೊರೆಯಿತು. ಇದನ್ನು ಪಡೆದ ಬ್ರಿಟನ್ನಿನ ಮೊದಲ ಮಹಿಳೆ ಏಮಿ. ಮುಂದೆ ಆಕೆಯ ಪ್ರಾಣ ಉಳಿಸಿದ ವಿದ್ಯೆ ಇದೇ.

ದೊಡ್ಡ ಸಂಕಲ್ಪ

ಲಂಡನ್ನಿನಿಂದ ಆಸ್ಟ್ರೇಲಿಯದ ಉತ್ತರ ತುದಿಯ ಡಾರ್ವಿನ್ ಪಟ್ಟಣಕ್ಕೆ ಅಂದಿನ ವಿಮಾನ ಮಾರ್ಗದಲ್ಲಿ ಸುಮಾರು 11,000 ಮೈಲಿ, ಎಂದರೆ ಹೆಚ್ಚು ಕಡಿಮೆ 17,700 ಕಿಲೋಮೀಟರು. ಹಡಗಿನಲ್ಲಿ ಹೋದರೆ ವಾರಗಟ್ಟಲೆ ಪ್ರಯಾಣ. 1928ರ ಫೆಬ್ರವರಿಯಲ್ಲಿ ಬರ್ಟ್ ಹಿಂಕ್ಲರ್ ಎಂಬ ಆಸ್ಟ್ರೇಲಿಯದ ವೈಮಾನಿಕ ಒಬ್ಬನೇ ಹದಿನೈದೂವರೆ ದಿನಗಳಲ್ಲಿ ಈ ದೂರವನ್ನು ಕ್ರಮಿಸಿ ದಾಖಲೆ ಸ್ಥಾಪಿಸಿದ್ದನು. ಯಾವ ಮಹಿಳೆಯೂ ಒಬ್ಬಳೇ ಆ ದಾರಿಯಲ್ಲಿ ಹೋಗಿರಲಿಲ್ಲ. ತಾನು ಹೋಗುವೆನೆಂದು ಏಮಿ ಸಂಕಲ್ಪಿಸಿದಳು.

ಆಗ ಆಕೆಯ ಅನುಭವವೆಷ್ಟು? ಒಟ್ಟು ಹಾರಾಟ ನೂರು ಗಂಟೆಯೂ ಆಗಿರಲಿಲ್ಲ. ಅತಿ ದೂರ ಹೋದದ್ದೆಂದರೆ ಲಂಡನ್ನಿನಿಂದ ತನ್ನೂರಾದ ಹಲ್‌ಗೆ, ಸುಮಾರು 150 ಮೈಲಿ. ಸಮುದ್ರದ ಮೇಲೆ ಹಾರಿದವಳೇ ಅಲ್ಲ. ಹಣ ಬೇಡಿ ಬರೆದ ಪತ್ರಗಳಿಗೆ ನಿರಾಕರಣೆಯೇ ಉತ್ತರವಾಗಿ ಬಂದಿತು. ಕೊನೆಗೆ ನಾಗರಿಕ ವಿಮಾನ ಯಾನದ ಮುಖ್ಯಾಧಿಕಾರಿ ಸರ್ ಸೆಫ್ಟನ್ ಬ್ರ್ಯಾಂಕರ್ ಅವರ ಶಿಫಾರಸಿನಿಂದ ಎಣ್ಣೆ ಕಂಪೆನಿಯ ಒಡೆಯ ಲಾರ್ಡ್ ವೇಕ್‌ಫೀಲ್ಡ್ ಸಹಾಯಕ್ಕೆ ಬಂದರು. ಉಳಿದ ಹಣವನ್ನು ತಂದೆ ಕೊಟ್ಟರು. ಮಗಳು ಹೋಗಹೊರಟಿದ್ದ ದಾರಿ ಎಂಥದೆಂದು ಆ ತಂದೆಗೆ ತಿಳಿಯದೆ ಇರಲಿಲ್ಲ. ತಿಳಿದೂ ಕೊಟ್ಟರು.

600 ಪೌಂಡಿಗೆ ಒಂದು ಹಳೆಯ ಜಿಪ್ಸಿ ಮಾತ್ ವಿಮಾನವನ್ನು ಕೊಂಡದ್ದಾಯಿತು. ಮರದ ಚೌಕಟ್ಟು, ಬಟ್ಟೆ ಹೊದಿಸಿದ ರೆಕ್ಕೆ, ಒಂದೇ ಎಂಜಿನ್. ಚಾಲಕರು ಕೂರುವ ಜಾಗಕ್ಕೆ ಮೇಲೆ ಹೊದಿಕೆಯೇ ಇಲ್ಲ; ಬಿಸಿಲು, ಮಳೆ, ಗಾಳಿ ಎಲ್ಲವೂ ಮುಖಕ್ಕೇ. ರೇಡಿಯೋ ಇಲ್ಲ. ವೇಗ ಗಂಟೆಗೆ ಸುಮಾರು 85 ಮೈಲಿ. ತಂದೆಯ ವ್ಯಾಪಾರದ ಗುರುತಿನ ಹೆಸರನ್ನೇ ವಿಮಾನಕ್ಕಿಟ್ಟಳು: ಜೇಸನ್.

ಹಾರಾಟ

1930ನೆಯ ಇಸವಿ ಮೇ 5ರ ಬೆಳಗ್ಗೆ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಿಂದ ಏಮಿ ಹೊರಟಳು. ತಂದೆ ಮತ್ತು ಕೆಲವು ಮಿತ್ರರನ್ನು ಬಿಟ್ಟರೆ ಬೀಳ್ಕೊಡಲು ಹೆಚ್ಚು ಮಂದಿ ಇರಲಿಲ್ಲ. ಅಂದು ರಾತ್ರಿ ವಿಯೆನ್ನಾ, ಮರುದಿನ ಕಾನ್‌ಸ್ಟಾಂಟಿನೋಪಲ್, ಮೂರನೆಯ ದಿನ ಅಲೆಪ್ಪೊ. ತುರ್ಕಿಯ ಟಾರಸ್ ಪರ್ವತಗಳಲ್ಲಿ ಮೋಡ ಕವಿದು, ಕಣಿವೆಯ ರೈಲು ದಾರಿಯನ್ನೇ ಗುರುತಾಗಿಟ್ಟುಕೊಂಡು ಬಂಡೆಗಳ ನಡುವೆ ನುಸುಳಿ ಬಂದಳು. ಎಲ್ಲಿ ಇಳಿದರೂ ಊಟ, ನಿದ್ದೆಗಿಂತ ಮೊದಲು ಎಂಜಿನ್ ಪರೀಕ್ಷೆ. ಆ ಕೆಲಸಕ್ಕೇ ರಾತ್ರಿಯ ಬಹುಭಾಗ ಕಳೆಯುತ್ತಿತ್ತು. ನಿದ್ದೆಗೆ ಉಳಿಯುತ್ತಿದ್ದುದು ಕೆಲವೇ ಗಂಟೆ.

ಬಾಗ್ದಾದಿನ ಹತ್ತಿರ ಮರಳಿನ ಬಿರುಗಾಳಿ ಎದ್ದಿತು. ಏನೂ ಕಾಣದೆ ಮರುಭೂಮಿಯಲ್ಲಿಯೇ ಇಳಿಯಬೇಕಾಯಿತು. ಗಾಳಿ ವಿಮಾನವನ್ನು ಮಗುಚಿ ಹಾಕದಿರಲೆಂದು ತನ್ನ ಪೆಟ್ಟಿಗೆ ಗಂಟುಗಳನ್ನು ಗಾಲಿಗಳಿಗೆ ಒಡ್ಡಾಗಿಟ್ಟು, ಗಾಳಿ ಅಡಗುವವರೆಗೆ ಅಲ್ಲಿಯೇ ಕಾದು ಕುಳಿತಳು. ನಂತರ ಪರ್ಷಿಯಾದ ಬಂದರ್ ಅಬ್ಬಾಸ್. ಮೇ 10ರಂದು ಕರಾಚಿ. ಆರು ದಿನಗಳಲ್ಲಿ ಭಾರತವನ್ನು ಮುಟ್ಟಿದ್ದಳು. ಹಿಂಕ್ಲರನ ವೇಳೆಗಿಂತ ಎರಡು ದಿನ ಮುಂದಿದ್ದಳು. ಅಲ್ಲಿಯವರೆಗೆ ಯಾರೂ ಕೇಳದಿದ್ದ ಹೆಸರು ಈಗ ಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು.

ಕರಾಚಿಯಿಂದ ಅಲಹಾಬಾದಿಗೆ ಹೊರಟವಳಿಗೆ ದಾರಿಯಲ್ಲಿ ಪೆಟ್ರೋಲ್ ಸಾಲದಾಯಿತು. ಬೇರೆ ದಾರಿ ಕಾಣದೆ ಝಾನ್ಸಿಯ ಸೈನ್ಯದ ಕವಾಯತು ಮೈದಾನದಲ್ಲಿ ಇಳಿದುಬಿಟ್ಟಳು. ಮೈದಾನದಲ್ಲಿದ್ದವರು ದಿಕ್ಕಾಪಾಲಾಗಿ ಓಡಿದರು. ವಿಮಾನ ಬ್ಯಾರಕ್ಕಿನ ಬಳಿ ಹೋಗಿ ನಿಂತಿತು, ರೆಕ್ಕೆಗೆ ಪೆಟ್ಟಾಯಿತು. ಝಾನ್ಸಿಯೆಂದರೆ ನಮಗೆ ಇನ್ನೊಬ್ಬ ವೀರವನಿತೆಯ ನೆನಪು ಬರುತ್ತದೆಯಲ್ಲವೇ? ರಾಣಿ ಲಕ್ಷ್ಮೀಬಾಯಿಯ ಊರಿನಲ್ಲಿ ಈ ಪರದೇಶದ ಹುಡುಗಿ ಒಂದು ರಾತ್ರಿ ತಂಗಿ, ವಿಮಾನವನ್ನು ಸರಿಮಾಡಿಸಿಕೊಂಡು, ಅಲಹಾಬಾದಿನ ಮೇಲೆ ಹಾದು ಮೇ 12ರಂದು ಕಲಕತ್ತಾ ಸೇರಿದಳು.

ಮರುದಿನವೇ ದೊಡ್ಡ ಆಪತ್ತು. ರಂಗೂನಿನ ಕುದುರೆ ಪಂದ್ಯದ ಮೈದಾನದಲ್ಲಿ ಇಳಿಯಬೇಕಾಗಿತ್ತು. ಮಳೆಯಲ್ಲಿ ದಾರಿ ತಪ್ಪಿ, ಹತ್ತಿರದ ಇನ್‌ಸೀನ್ ಎಂಬ ಊರಿನ ತಾಂತ್ರಿಕ ಶಾಲೆಯ ಆಟದ ಬಯಲನ್ನೇ ಅದೆಂದು ಭ್ರಮಿಸಿ ಇಳಿದಳು. ಬಯಲು ಚಿಕ್ಕದು. ವಿಮಾನ ನಿಲ್ಲದೆ ಓಡಿ ಹಳ್ಳಕ್ಕೆ ಬಿದ್ದಿತು. ರೆಕ್ಕೆ ಹರಿಯಿತು, ಪ್ರೊಪೆಲ್ಲರ್ ಮುರಿಯಿತು. ಆದರೆ ಬಿದ್ದ ಜಾಗ ಒಳ್ಳೆಯದಾಗಿತ್ತು. ಆ ಶಾಲೆಯವರೆಲ್ಲ ಹಗಲಿರುಳು ದುಡಿದು ಮರದ ಚೌಕಟ್ಟನ್ನು ಮತ್ತೆ ಕಟ್ಟಿದರು. ರೆಕ್ಕೆಗೆ ಹೊದಿಸಲು ಬಟ್ಟೆ ಎಲ್ಲಿಂದ ತರುವುದು? ಮೊದಲ ಮಹಾಯುದ್ಧ ಮುಗಿದ ಮೇಲೆ ಉಳಿದಿದ್ದ ವಿಮಾನದ ಬಟ್ಟೆಯಿಂದ ಅಲ್ಲಿನವರು ಅಂಗಿ ಹೊಲಿಸಿಕೊಂಡಿದ್ದರು. ಆ ಅಂಗಿಗಳನ್ನೇ ಬಿಚ್ಚಿ ರೆಕ್ಕೆಗೆ ತೇಪೆ ಹಾಕಿದರು! ಮೇ 16ರಂದು ಜೇಸನ್ ಮತ್ತೆ ಹಾರಿತು.

ಆದರೆ ಹಿಂಕ್ಲರನ ದಾಖಲೆಯನ್ನು ಮುರಿಯುವ ಆಸೆ ಇನ್‌ಸೀನಿನ ಆ ಹಳ್ಳದಲ್ಲಿಯೇ ಮುಳುಗಿತ್ತು. ಇಷ್ಟಾದ ಮೇಲೆ ಮುಂದುವರಿಯುವುದು ಏಕೆಂದು ಕೈಬಿಡಬಹುದಾಗಿತ್ತು. ಏಮಿ ಮುಂದೆ ಸಾಗಿದಳು. ಬ್ಯಾಂಕಾಕ್, ಸಿಂಗಪುರ, ಜಾವಾ. ಜಾವಾದ ಒಂದು ಕಬ್ಬಿನ ತೋಟದ ಬಳಿ ಇಳಿಯುವಾಗ ನೆಲದಲ್ಲಿ ನೆಟ್ಟಿದ್ದ ಬಿದಿರು ಗೂಟಗಳು ರೆಕ್ಕೆಯನ್ನು ತೂತು ಮಾಡಿದವು. ಗಾಯಕ್ಕೆ ಅಂಟಿಸುವ ಪ್ಲಾಸ್ಟರನ್ನು ಆ ತೂತುಗಳಿಗೆ ಅಂಟಿಸಿಕೊಂಡು ಮುಂದೆ ಹೊರಟಳು. ಟಿಮೋರ್ ದ್ವೀಪದಲ್ಲಿ ಕತ್ತಲಾಗುವ ಹೊತ್ತಿಗೆ ಗುರಿ ಸಿಗದೆ ಒಂದು ಹಳ್ಳಿಯ ಬಳಿ ಇಳಿದಾಗ, ಸುದ್ದಿ ಕಳುಹಿಸಲು ತಂತಿ ಇರಲಿಲ್ಲ. ಆಕೆ ಕಾಣೆಯಾದಳೆಂದು ಪ್ರಪಂಚವೆಲ್ಲ ಆತಂಕಪಟ್ಟಿತು. ಊರಿನಲ್ಲಿದ್ದ ತಂದೆ ತಾಯಿಯರು ಆ ರಾತ್ರಿಯನ್ನು ಹೇಗೆ ಕಳೆದಿರಬೇಕೆಂಬುದನ್ನು ಮಕ್ಕಳನ್ನು ಹೆತ್ತವರೇ ಊಹಿಸಬಲ್ಲರು.

ಕೊನೆಯ ದಿನದ ದಾರಿ ಟಿಮೋರ್ ಸಮುದ್ರ. ಸುಮಾರು 500 ಮೈಲಿ ಬರಿಯ ನೀರು. ಎಂಜಿನ್ ನಿಂತರೆ ಇಳಿಯಲು ಒಂದು ಗೇಣು ನೆಲವಿಲ್ಲ. ನಡುವೆ ಒಂದು ತೈಲದ ಹಡಗು ಕಂಡಾಗ, ತಾನು ದಾರಿ ತಪ್ಪಿಲ್ಲವೆಂದು ಆಕೆಗೆ ಧೈರ್ಯ ಬಂದಿತು. 1930ರ ಮೇ 24ರ ಮಧ್ಯಾಹ್ನ ಜೇಸನ್ ಡಾರ್ವಿನ್ನಿನಲ್ಲಿ ಇಳಿಯಿತು. ಹತ್ತೊಂಬತ್ತೂವರೆ ದಿನಗಳು. ಹಿಂಕ್ಲರನಿಗಿಂತ ನಾಲ್ಕು ದಿನ ಹೆಚ್ಚು. ಆದರೂ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಬ್ಬಳೇ ಹಾರಿದ ಮೊದಲ ಮಹಿಳೆ ಎಂಬ ಕೀರ್ತಿ ಏಮಿಯದಾಯಿತು. ಆಗ ಆಕೆಗೆ ಇಪ್ಪತ್ತಾರು ವರ್ಷ.

ಒಂದು ಸಣ್ಣ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ತೆಗೆದುಕೊಳ್ಳಲಿ. ದೂರ 11,000 ಮೈಲಿ. ವೇಗ ಗಂಟೆಗೆ 85 ಮೈಲಿ. ಭಾಗಿಸಿದರೆ ಸುಮಾರು 129 ಗಂಟೆ, ಎಂದರೆ ಐದು ದಿನಕ್ಕೆ ಸ್ವಲ್ಪ ಹೆಚ್ಚು. ಲೆಕ್ಕದ ಪ್ರಕಾರ ಐದೂವರೆ ದಿನಗಳಲ್ಲಿ ಮುಟ್ಟಬೇಕಾದ ದಾರಿಗೆ ಹತ್ತೊಂಬತ್ತೂವರೆ ದಿನ ಏಕೆ ಹಿಡಿಯಿತು? ಉಳಿದ ಹದಿನಾಲ್ಕು ದಿನಗಳು ಎಲ್ಲಿ ಹೋದವು? ರಾತ್ರಿಯ ಕತ್ತಲಿಗೆ, ಪೆಟ್ರೋಲ್ ತುಂಬುವುದಕ್ಕೆ, ಎಂಜಿನ್ ತೊಳೆಯುವುದಕ್ಕೆ, ಬಿರುಗಾಳಿಗೆ, ಹಳ್ಳಕ್ಕೆ, ತೇಪೆಗೆ ಹೋದವು. ಪೂರ್ವಕ್ಕೆ ಹೋಗುವವರಿಗೆ ಇನ್ನೊಂದು ನಷ್ಟವಿದೆ. ಭೂಮಿ 15 ರೇಖಾಂಶ ತಿರುಗಲು ಒಂದು ಗಂಟೆ. ಡಾರ್ವಿನ್ನಿನ ಗಡಿಯಾರ ಲಂಡನ್ನಿನ ಗಡಿಯಾರಕ್ಕಿಂತ ಒಂಬತ್ತೂವರೆ ಗಂಟೆ ಮುಂದು. ಆದ್ದರಿಂದ ಸೂರ್ಯನಿಗೆ ಎದುರಾಗಿ ಹೋದ ಏಮಿಗೆ ಪ್ರತಿದಿನವೂ ಸರಾಸರಿ ಅರ್ಧ ಗಂಟೆಯಷ್ಟು ದಿನವೇ ಮೋಟಾಗುತ್ತಿತ್ತು.

ಇಂದಿನ ಲೆಕ್ಕವನ್ನೂ ನೋಡೋಣ. 2018ರ ಮಾರ್ಚ್ ತಿಂಗಳಲ್ಲಿ ಆಸ್ಟ್ರೇಲಿಯದ ಪರ್ತ್ ನಗರಕ್ಕೂ ಲಂಡನ್ನಿಗೂ ನಡುವೆ ಎಲ್ಲಿಯೂ ಇಳಿಯದ ವಿಮಾನ ಸಂಚಾರ ಆರಂಭವಾಯಿತು. ದೂರ ಸುಮಾರು 14,500 ಕಿಲೋಮೀಟರು, ವೇಳೆ ಸುಮಾರು 17 ಗಂಟೆ. ಸರಾಸರಿ ವೇಗ ಎಷ್ಟಾಯಿತೆಂದು ನೀವೇ ಭಾಗಿಸಿ ನೋಡಿ. ಭೂಮಿ ಕುಗ್ಗಲಿಲ್ಲ, ಏಮಿಯಂಥವರು ಹುಡುಕಿಕೊಟ್ಟ ದಾರಿಯಲ್ಲಿ ಕಾಲ ಕುಗ್ಗಿತು.

ಕೀರ್ತಿ ಮತ್ತು ಕಷ್ಟ

ಡಾರ್ವಿನ್ನಿನ ನಂತರ ಮೆರವಣಿಗೆಗಳು, ಮಾನಪತ್ರಗಳು, ಸಿ.ಬಿ.ಇ. ಪದವಿ. ಲಂಡನ್ನಿನ ಒಂದು ದಿನಪತ್ರಿಕೆ ಹತ್ತು ಸಾವಿರ ಪೌಂಡು ನೀಡಿತು. ಆಕೆಯ ಮೇಲೆ ಹಾಡುಗಳೂ ಹುಟ್ಟಿದವು. ಆದರೆ ನಿದ್ದೆಗೆಟ್ಟು ದಣಿದ ದೇಹಕ್ಕೆ ದಿನವೂ ಭಾಷಣ, ಸನ್ಮಾನಗಳು ಭಾರವಾದವು. ಬ್ರಿಸ್ಬೇನಿನಲ್ಲಿ ಇಳಿಯುವಾಗ ವಿಮಾನ ಮಗುಚಿ ಬಿದ್ದಿತು. ಕೀರ್ತಿಯ ಬಿಸಿಲು ಬಿರುಗಾಳಿಗಿಂತ ಕಡಿಮೆ ಕಷ್ಟದ್ದಲ್ಲವೆಂದು ಆಕೆಗೆ ಬೇಗನೆ ತಿಳಿಯಿತು.

1931ರಲ್ಲಿ ತನ್ನ ಗುರು ಹಂಫ್ರೀಸ್ ಅವರನ್ನೇ ಜೊತೆಗೆ ಕರೆದುಕೊಂಡು ಲಂಡನ್ನಿನಿಂದ ಮಾಸ್ಕೋಗೆ ಒಂದೇ ದಿನದಲ್ಲಿ ಹೋಗಿ, ಅಲ್ಲಿಂದ ಟೋಕಿಯೋ ತಲುಪಿದಳು. 1932ರಲ್ಲಿ ಜಿಮ್ ಮಾಲಿಸನ್ ಎಂಬ ವೈಮಾನಿಕನನ್ನು ಮದುವೆಯಾದಳು. ಅದೇ ವರ್ಷ ಲಂಡನ್ನಿನಿಂದ ದಕ್ಷಿಣ ಆಫ್ರಿಕದ ಕೇಪ್‌ಟೌನಿಗೆ ಒಬ್ಬಳೇ ಹಾರಿ, ಗಂಡನ ಹೆಸರಿನಲ್ಲಿದ್ದ ದಾಖಲೆಯನ್ನೇ ಹತ್ತು ಗಂಟೆಗಳಿಗೂ ಹೆಚ್ಚು ಅಂತರದಿಂದ ಮುರಿದಳು! 1933ರಲ್ಲಿ ದಂಪತಿಗಳಿಬ್ಬರೂ ಅಟ್ಲಾಂಟಿಕ್ ಸಾಗರವನ್ನು ದಾಟಿದರು. ಆದರೆ ಅಮೆರಿಕದಲ್ಲಿ ಇಳಿಯುವಾಗ ಇಂಧನ ತೀರಿ ಅಪಘಾತವಾಗಿ ಇಬ್ಬರಿಗೂ ಗಾಯಗಳಾದವು.

1934ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯದ ಮೆಲ್ಬೋರ್ನ್‌ವರೆಗೆ ವಿಮಾನ ಪಂದ್ಯ ನಡೆಯಿತು. ಗಂಡ ಹೆಂಡಿರು ಕಾಮೆಟ್ ಎಂಬ ಹೊಸ ವೇಗದ ವಿಮಾನದಲ್ಲಿ ಹೊರಟು ಸುಮಾರು 22 ಗಂಟೆಗಳಲ್ಲಿ ಕರಾಚಿ ಮುಟ್ಟಿದರು. ನಾಲ್ಕು ವರ್ಷಗಳ ಹಿಂದೆ ಅದೇ ಕರಾಚಿಗೆ ಏಮಿಗೆ ಆರು ದಿನ ಹಿಡಿದಿತ್ತೆಂಬುದನ್ನು ಮರೆಯಬೇಡಿ. ಆದರೆ ಮುಂದೆ ದಾರಿ ತಪ್ಪಿ ಜಬಲ್ಪುರದಲ್ಲಿ ಇಳಿದರು. ಅಲ್ಲಿ ಸಿಕ್ಕಿದ್ದು ಬಸ್ಸುಗಳಿಗೆ ಹಾಕುವ ಪೆಟ್ರೋಲ್ ಮಾತ್ರ. ಅದನ್ನು ತುಂಬಿದ ಕಾರಣ ಎಂಜಿನ್ ಕೆಟ್ಟು, ಅಲಹಾಬಾದಿನಲ್ಲಿ ಪಂದ್ಯ ಬಿಡಬೇಕಾಯಿತು. ವೇಗ ಹೆಚ್ಚಿದ್ದರೆ ಸಾಲದು, ದಾರಿಯುದ್ದಕ್ಕೂ ತಕ್ಕ ಸೌಕರ್ಯವಿರಬೇಕೆಂಬುದಕ್ಕೆ ಇದೊಂದು ನಿದರ್ಶನ.

1936ರಲ್ಲಿ ಕೇಪ್‌ಟೌನ್ ದಾರಿಯ ದಾಖಲೆಯನ್ನು ಮತ್ತೊಮ್ಮೆ ತನ್ನದಾಗಿಸಿಕೊಂಡಳು. ಅದೇ ಆಕೆಯ ಕೊನೆಯ ದಾಖಲೆ. ದಾಂಪತ್ಯ ಸುಖಕರವಾಗಲಿಲ್ಲ, 1938ರಲ್ಲಿ ವಿಚ್ಛೇದನವಾಯಿತು. ಜನರೂ ಕ್ರಮೇಣ ಆಕೆಯನ್ನು ಮರೆಯತೊಡಗಿದರು.

ಕೊನೆಯ ಪಯಣ

ಎರಡನೆಯ ಮಹಾಯುದ್ಧ ಆರಂಭವಾಯಿತು. ಕಾರ್ಖಾನೆಗಳಿಂದ ಹೊರಬಂದ ಸೈನ್ಯದ ವಿಮಾನಗಳನ್ನು ನೆಲೆಯಿಂದ ನೆಲೆಗೆ ತಲುಪಿಸಲು ಬ್ರಿಟನ್ನಿನಲ್ಲಿ ಒಂದು ಸಹಾಯಕ ದಳ ಏರ್ಪಟ್ಟಿತು. 1940ರಲ್ಲಿ ಏಮಿ ಅದಕ್ಕೆ ಸೇರಿದಳು. ಜಗತ್ಪ್ರಸಿದ್ಧಳಾಗಿದ್ದವಳು ಈಗ ವಿಮಾನ ಸಾಗಿಸುವ ಸಾಮಾನ್ಯ ಕೆಲಸವನ್ನು ಇತರರಂತೆಯೇ ಮಾಡುತ್ತಿದ್ದಳು.

1941ರ ಜನವರಿ 5. ಬ್ಲ್ಯಾಕ್‌ಪೂಲ್ ಪಟ್ಟಣದಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್‌ಟನ್ನಿಗೆ ಒಂದು ವಿಮಾನವನ್ನು ಒಯ್ಯಬೇಕಾಗಿತ್ತು. ಒಂದೂವರೆ ಗಂಟೆಯ ಪ್ರಯಾಣವಷ್ಟೆ. ಆ ದಿನ ಮೋಡ ದಟ್ಟವಾಗಿ ಕವಿದಿತ್ತು. ಬೆಳಗ್ಗೆ ಹೊರಟ ಏಮಿ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ, ತಲುಪಬೇಕಾದ ಸ್ಥಳದಿಂದ ಬಹುದೂರ, ಥೇಮ್ಸ್ ನದಿ ಸಮುದ್ರ ಸೇರುವ ಎಡೆಯಲ್ಲಿ ಪ್ಯಾರಾಚೂಟಿನಲ್ಲಿ ಇಳಿದು ಕೊರೆಯುವ ನೀರಿಗೆ ಬಿದ್ದಳು. ಹತ್ತಿರವಿದ್ದ ಹೇಸಲ್‌ಮಿಯರ್ ಎಂಬ ನೌಕೆಯವರು ರಕ್ಷಿಸಲು ಯತ್ನಿಸಿದರು. ಅದರ ನಾಯಕ ವಾಲ್ಟರ್ ಫ್ಲೆಚರ್ ಪ್ರಾಣದ ಹಂಗು ತೊರೆದು ನೀರಿಗೆ ಧುಮುಕಿದರು; ಆ ಚಳಿಗೆ ಅವರೂ ಬಲಿಯಾದರು. ಏಮಿಯ ದೇಹ ಸಿಗಲೇ ಇಲ್ಲ. ಆಗ ಆಕೆಗೆ ಮೂವತ್ತೇಳು ವರ್ಷ. 11,000 ಮೈಲಿಯ ದಾರಿಯನ್ನು ಗೆದ್ದವಳು ಒಂದೂವರೆ ಗಂಟೆಯ ದಾರಿಯಲ್ಲಿ ಮರೆಯಾದಳು.

ಅಂಗಿಯ ಬಟ್ಟೆಯ ತೇಪೆ ಹಾಕಿಸಿಕೊಂಡು ಹಾರಿದ ಜೇಸನ್ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತು ಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.

ತಂದೆ ತಾಯಿಯರಲ್ಲಿ ಒಂದು ಬಿನ್ನಹ

ಈ ಕಥೆಯನ್ನು ಕೇವಲ ಮನರಂಜನೆಗಾಗಿ ಬರೆಯಲಿಲ್ಲ. ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲೆ ಕೆಲವು ಹೆಣ್ಣುಮಕ್ಕಳು ಕಣ್ಮರೆಯಾಗುತ್ತಾರೆ. ವಿಚಾರಿಸಿದರೆ ಬರುವ ಉತ್ತರ ಒಂದೇ: ಕಾಲೇಜು ದೂರ, ಘಟ್ಟ ಇಳಿಯಬೇಕು, ಬಸ್ಸು ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಸಂಜೆಯಾದರೆ ದಾರಿಯಲ್ಲಿ ಆನೆ. ಇವೆಲ್ಲ ಸುಳ್ಳಲ್ಲ. ನಿಮ್ಮ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಏಮಿಯ ತಂದೆಗೂ ಭಯವಿತ್ತು. ಅದಕ್ಕೆ ಕಾರಣವೂ ಇತ್ತೆಂಬುದನ್ನು ಈ ಕಥೆಯ ಕೊನೆಯೇ ಹೇಳುತ್ತದೆ. ಆದರೂ ಅವರು ಮಗಳನ್ನು ಮೊದಲು ಓದಿಸಿದರು, ಆಮೇಲೆ ಹಾರಗೊಟ್ಟರು.

ನಮ್ಮ ಮಕ್ಕಳು ಮರುಭೂಮಿ ದಾಟಬೇಕಾಗಿಲ್ಲ, ಸಮುದ್ರ ದಾಟಬೇಕಾಗಿಲ್ಲ. ಅವರು ದಾಟಬೇಕಾದದ್ದು 27 ತಿರುವುಗಳು. ಪ್ರತಿದಿನ ಹೋಗಿ ಬರಲಾಗದಿದ್ದರೆ ಹಾಸ್ಟೆಲಿನಲ್ಲಿರಿಸುವ ವಿಚಾರ ಮಾಡಿ. ಬೆಟ್ಟದ ಮೇಲೆ ಚಾಮರಾಜನಗರದ ಕಡೆಗೂ ದಾರಿಯಿದೆ, ಅಲ್ಲಿ ನಮ್ಮ ಭಾಷೆಯೇ ಇದೆ. ಯಾವ ದಾರಿ ಸರಿಯೆಂದು ತಿಳಿಯದಿದ್ದರೆ ಶಾಲೆಗೆ ಬನ್ನಿ, ಕುಳಿತು ಮಾತಾಡೋಣ. ಇಂದು ನಮ್ಮ ದೇಶದ ವಿಮಾನ ಚಾಲಕರಲ್ಲಿ ಮಹಿಳೆಯರ ಪ್ರಮಾಣ ಪ್ರಪಂಚದ ಸರಾಸರಿಗಿಂತ ಹೆಚ್ಚು. ಅವರೆಲ್ಲರೂ ಯಾವುದೋ ಒಂದು ಊರಿನ ಬಸ್ಸಿನಲ್ಲಿ ಮೊದಲ ದಿನ ಹೆದರುತ್ತಲೇ ಕುಳಿತವರು.

ವಿದ್ಯಾರ್ಥಿನಿಯರೇ, ನೀವು ಕಲಿಯಬೇಕಾದದ್ದು ಏಮಿಯ ಸಾಹಸವನ್ನು ಮಾತ್ರವಲ್ಲ. ದಿನವೆಲ್ಲ ಹಾರಿ ಬಂದು, ಊಟಕ್ಕೂ ಮೊದಲು ಎಂಜಿನ್ ಪರೀಕ್ಷಿಸುತ್ತಿದ್ದ ಆ ಶ್ರದ್ಧೆಯನ್ನು. ಬೇಗ ಬಾರದ ವಿದ್ಯೆಯನ್ನು ಬಿಡದೆ ಕಲಿತ ಆ ಹಟವನ್ನು. ಭೂಪಟವನ್ನು ಬಿಡಿಸಿ, ಗೆರೆ ಎಳೆಯಿರಿ. ಶುಭವಾಗಲಿ.